ಕೆಂಪೇರಿದ ಎಣ್ಣೆ

"ಒಳಗ ಚಾಲೂ ಮಾಡೂದಿಲ್ರಿ," ಅಂದ ಫಕ್ಕೀರಸಾಬ ಮಿಸ್ತ್ರಿ. "ಹೊರಗ ತಳ್ಳಿಸ್ರಿ. ಆಮ್ಯಾಲ ಹ್ಯಾಂಡಲ್ ಹಿಡೀತೇನಿ."

ಎಡಕ್ಕೊಬ್ಬ, ಬಲಕ್ಕೊಬ್ಬ ಪೊಲೀಸ್ ನಿಂತಿದ್ದರೂ ಅವನ ದನಿಯಲ್ಲಿ ಅಳುಕಿರಲಿಲ್ಲ. ರಾಣೇಬೆನ್ನೂರಿನ ತನ್ನ ಗ್ಯಾರೇಜಿಗೆ ಬಂದ ಗಿರಾಕಿಗೆ ಹೇಳುವಂತೆ ಹೇಳಿದ.

ಪಿಎಸ್‌ಐ ನಿರ್ಮಲಾ ಕೈಗಳನ್ನು ಉಜ್ಜಿಕೊಂಡರು. ಮುಂಜಾನೆ ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬ್ಯಾಡಗಿಯ ಮೇಲೆ ಜನವರಿಯ ಮಂಜು ಕವಿದು ಕೂತಿತ್ತು. ಮಾತಾಡಿದವರ ಬಾಯಿಂದೆಲ್ಲ ಹೊಗೆ ಬರುತ್ತಿತ್ತು. ಗೋದಾಮಿನ ತುಂಬ ಮೆಣಸಿನಕಾಯಿ ಚೀಲಗಳ ಗೋಡೆ. ಆ ಗೋಡೆಗಳ ನಡುವೆ, ಮದುವೆಮನೆಯ ಹಿರಿಯಳ ಹಾಗೆ, ಕಪ್ಪು ಲ್ಯಾಂಡ್‌ಮಾಸ್ಟರ್ ಕಾರು.

"ಮಿಸ್ತ್ರಿ, ಇದು ಪಂಚನಾಮೆ," ಅಂದರು ನಿರ್ಮಲಾ. "ಗಾಡಿ ನಿಂತ ಜಾಗದಾಗ ಚಾಲೂ ಆಗ್ತೈತೋ ಇಲ್ಲೋ ಅಂತ ನಾ ಬರೀಬೇಕು."

"ಬರಕೊಳ್ರಿ ಮೇಡಂ. ಫಕ್ಕೀರಸಾಬ ಒಲ್ಲೆ ಅಂದ ಅಂತ ಬರಕೊಳ್ರಿ."

"ನಾಟಕ!" ಎಂದು ಶಂಭುಲಿಂಗ ನಕ್ಕ. ಗೋದಾಮಿನ ಮಾಲೀಕರ ಮಗ. ಹುಟ್ಟಿದಾಗಿನಿಂದ ಫಕ್ಕೀರಸಾಬನನ್ನು ಕಾಕಾ ಅನ್ನುತ್ತಿದ್ದವನು ಒಂದು ವಾರದಿಂದ ಹೆಸರನ್ನೂ ಹೇಳುತ್ತಿರಲಿಲ್ಲ. "ಎಂಟು ದಿನದ ಹಿಂದ ಒಳಗಽ ಚಾಲೂ ಮಾಡಿದಾಂವಗ ಇವತ್ತೇನು ಧಾಡಿ?"

ಎಂಟು ದಿನದ ಹಿಂದೆ, ಇಂಥದೇ ಮಂಜಿನ ಮುಂಜಾನೆ, ಅಗಡಿಯಿಂದ ಹಾವೇರಿಗೆ ಹಾಲು ಒಯ್ಯುತ್ತಿದ್ದ ಮಲ್ಲೇಶಪ್ಪನನ್ನು ಈ ಕಾರು ಗುದ್ದಿ, ನಿಲ್ಲದೆ ಹೋಗಿತ್ತು. ಅವನು ಹಾವೇರಿಯ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಬಸ್ಸಿಗೆ ನಿಂತವರು ಕಾರನ್ನು ನೋಡಿದ್ದರು, ಓಡಿಸಿದವನ ಮುಖವನ್ನು ನೋಡಿರಲಿಲ್ಲ. ಮುಂದಿನ ದೀಪದ ಬಳೆ ನೆಗ್ಗಿತ್ತು. ಗೋದಾಮಿಗೆ ಎರಡೇ ಬೀಗದ ಕೈ, ಒಂದು ಮಾಲೀಕರ ಮನೆಯ ಗೂಟದಲ್ಲಿ, ಇನ್ನೊಂದು ಫಕ್ಕೀರಸಾಬನ ಸೊಂಟದಲ್ಲಿ. ಅಷ್ಟಕ್ಕೇ ಯಾರೂ ಅವನನ್ನು ಹಿಡಿಯುತ್ತಿರಲಿಲ್ಲವೇನೋ. ಆದರೆ ಠಾಣೆಯಲ್ಲಿ ಎಲ್ಲರೆದುರು ಎದೆ ಸೆಟೆಸಿ ಅವನೇ ಅಂದಿದ್ದ: "ಚಳಿಗಾಲದಾಗ ಆ ಗಾಡಿ ನನ್ನ ಕೈ ಬಿಟ್ಟು ಇನ್ನೊಬ್ರ ಕೈಯಾಗ ಹತ್ತೂದಿಲ್ಲ."

ಆ ಮಾತನ್ನು ನಿರ್ಮಲಾ ಹಾಗೇ ಬರೆದುಕೊಂಡಿದ್ದರು. ಇವತ್ತು ಪಂಚನಾಮೆ ಮುಗಿದರೆ, ಮಧ್ಯಾಹ್ನದೊಳಗೆ ಕೋರ್ಟು, ಅಲ್ಲಿಂದ ಜೈಲು.

ಚೀಲಗಳ ಮರೆಯಲ್ಲಿ ದಿಲನಾಜ ಅಪ್ಪನ ಸ್ವೆಟರನ್ನು ಎದೆಗವಚಿಕೊಂಡು ನಿಂತಿದ್ದಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಈಗ ಇಪ್ಪತ್ತೊಂದು. ನಾಲ್ಕು ಜನರ ಮುಂದೆ ಬಾಯಿ ತೆರೆದವಳಲ್ಲ. ಅಣ್ಣ ದಿಲಾವರ ರಾಣೇಬೆನ್ನೂರಿನಿಂದ ಬೈಕಿನ ಮೇಲೆ ಕರೆತಂದು ಗೇಟಿನಲ್ಲೇ ಇಳಿಸಿದ್ದ. "ನೀ ಕೊಟ್ಟು ಬಾ, ನಾ ಇಲ್ಲೇ ಇರ್ತೀನಿ," ಅಂದಿದ್ದ. ಅಪ್ಪನನ್ನು ಪೊಲೀಸರ ನಡುವೆ ನೋಡಲಾರದೆ ಹಾಗಂದನೆಂದು ಅವಳಿಗೆ ಕನಿಕರವಾಗಿತ್ತು.

ಅವಳು ಮೆಲ್ಲಗೆ ಮುಂದೆ ಬಂದು ಸ್ವೆಟರ್ ಕೊಟ್ಟಳು. "ಅಬ್ಬಾ, ಒಳಗಽ ಚಾಲೂ ಮಾಡಿದ್ರ ಏನಾಗ್ತೈತಿ?"

"ಏನಾಗ್ತೈತಿ?" ಫಕ್ಕೀರಸಾಬನಿಗೆ ಪೊಲೀಸರೆಲ್ಲ ಮರೆತೇ ಹೋದರು. "ಎಂಜಿನ್ ಅಂದ್ರ ಉಸಿರಾಡು ಜೀವ. ಇಲ್ಲಿ ಗಾಳ್ಯಾಗ ಇರೂದೆಲ್ಲ ಮೆಣಸಿನಕಾಯಿ ಧೂಳು. ಒಂದು ದಮ್ಮು ಎಳದ್ರ ಸಾಕು, ಇಲ್ಲಿದ್ದವ್ರು ಸೀನಿ ಸೀನಿ ಸಾಯಬೇಕು. ನಮ್ಮಪ್ಪ ಈಕಿನ್ನ ಎಂದೂ ಒಳಗ ಚಾಲೂ ಮಾಡಿಲ್ಲ. ನಾನೂ ಮಾಡಿಲ್ಲ. ಐದು ಮಂದಿ ಹೊರಗ ತಳ್ಳಬೇಕು, ಆಮ್ಯಾಲ ಮೂತಿಗೆ ಹ್ಯಾಂಡಲ್ ಸಿಗಿಸಿ ತಿರುವಬೇಕು."

ವರ್ಷಕ್ಕೆ ಒಂದು ದಿನ ಆ ಕಾರು ಹೊರಗೆ ಬರುತ್ತಿತ್ತು. ದಸರೆಯ ಖಂಡೇಪೂಜೆಯ ಮರುದಿನ ಮನೆಯವರನ್ನು ಗಳಗನಾಥದ ಗುಡಿಗೆ ಕರೆದೊಯ್ದು ಸಂಜೆ ಮರಳಿದರೆ ಮತ್ತೆ ಮುಂದಿನ ವರ್ಷವೇ. ಐವತ್ತಾರನೇ ಇಸವಿಯಲ್ಲಿ ಕರಬಸಪ್ಪನವರು ಕೊಂಡು ತಂದದ್ದು. ಅವರ ಫೋಟೋ ಗೋದಾಮಿನ ಬಾಗಿಲ ಮೇಲಿತ್ತು. ಈಗ ಯಜಮಾನಿಕೆ ಅವರ ಸೊಸೆ, ಶಂಭುಲಿಂಗನ ತಾಯಿ ಸುಶೀಲವ್ವನದು.

ದಿಲನಾಜ ಬಾನೆಟ್ ಕಡೆ ನೋಡಿದಳು. ಅಕ್ಟೋಬರದಲ್ಲಿ ಕಾರು ಮರಳಿದ ಸಂಜೆ ಅವಳೂ ಬಂದಿದ್ದಳು. ಸ್ಪಾನರ್ ಎತ್ತಿ ಕೊಡಲು, ಬಟ್ಟೆ ಹಿಂಡಿ ಕೊಡಲು ಅವಳು ಪ್ರತಿ ವರ್ಷ ಬರುತ್ತಿದ್ದಳು. ಅವತ್ತು ಗಾಳಿ ಸೋಸುವ ಡಬ್ಬಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ತಳದಲ್ಲಿ ಹೊಸ ಎಣ್ಣೆ ಸುರಿದವಳು ಅವಳೇ. ಜೇನುತುಪ್ಪದ ಬಣ್ಣದ ಎಣ್ಣೆ. ಎಂಜಿನ್ ಎಳೆದ ಗಾಳಿ ಆ ಎಣ್ಣೆಯ ಮೇಲೆ ಹಾದು ಧೂಳನ್ನು ಅಲ್ಲೇ ಬಿಟ್ಟು ಹೋಗಬೇಕು. ಅದೇ ಅದರ ಕೆಲಸ.

ಅವಳು ಬಾನೆಟ್ಟಿಗೆ ಇನ್ನೊಂದು ಹೆಜ್ಜೆ ಹತ್ತಿರ ಹೋದಳು.

"ಮೇಡಂ," ಅಂದಳು. ದನಿ ಹೊರಡಲಿಲ್ಲ. ಮತ್ತೊಮ್ಮೆ, "ಮೇಡಂ, ಆ ಡಬ್ಬಿ ಬಿಚ್ಚಿ ನೋಡ್ಬೇಕ್ರಿ."

ಎಲ್ಲರೂ ಅವಳ ಕಡೆ ತಿರುಗಿದರು. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದಳು.

"ಬ್ಯಾಡ ಬೇಟಿ," ಅಂದ ಫಕ್ಕೀರಸಾಬ, ತಟ್ಟನೆ. "ಸುಮ್ಮನಿರು. ಅವ್ರೇನು ಬರಕೋತಾರೋ ಬರಕೊಳ್ಳಲಿ."

ಅಪ್ಪ ಯಾಕೆ ಹಾಗಂದನೋ ಅವಳಿಗೆ ತಿಳಿಯಲಿಲ್ಲ. ತನ್ನ ಕೆಲಸವನ್ನು ಪರೀಕ್ಷೆ ಮಾಡಿಸಿಕೊಳ್ಳುವುದು ಅವನಿಗೆ ಅವಮಾನವಿರಬೇಕು ಅಂದುಕೊಂಡಳು.

ನಿರ್ಮಲಾ ಮಾತ್ರ ಹುಡುಗಿಯ ಮುಖ ನೋಡಿದರು. "ಬಿಚ್ಚು."

ಮೇಲಿನ ತಿರುಪು ತೆಗೆದು ಡಬ್ಬಿಯನ್ನು ಎತ್ತಿದಳು. ಬಾಗಿಲ ಬೆಳಕಿಗೆ ಹಿಡಿದಳು. ಒಳಗಿನ ಎಣ್ಣೆ ಜೇನಿನ ಬಣ್ಣದ್ದಾಗಿರಲಿಲ್ಲ. ಹಬ್ಬದ ದಿನದ ಸಾರಿನ ಮೇಲೆ ತೇಲುವ ಎಣ್ಣೆಯ ಹಾಗೆ ಕೆಂಪಗೆ, ನಿಚ್ಚಳ ಕೆಂಪಗೆ ಇತ್ತು.

"ಬ್ಯಾಡಗಿ ಕಾಯಿ ಎಣ್ಣೀಗೆ ಬಣ್ಣ ಬಿಡತೈತ್ರಿ," ಅಂದಳು ದಿಲನಾಜ. "ಅಕ್ಟೋಬರದಾಗ ನಾನಽ ಹೊಸಾದು ಹಾಕೀನಿ. ಮುಚ್ಚಳ ಬಿಗದೇನಿ. ಆಮ್ಯಾಲ ಈ ಗಾಡಿ ಇದಽ ಗೋದಾಮಿನಾಗ, ಬಾಗಲಾ ಹಾಕ್ಕೊಂಡು, ಚಾಲೂ ಆಗೇತ್ರಿ. ನಮ್ಮ ಅಬ್ಬಾ ಹಂಗ ಮಾಡೂದಿಲ್ಲ."

ಗೋದಾಮಿನ ಮೂಲೆಯಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ಕಾಯಿಯ ತೊಟ್ಟು ಬಿಡಿಸುವ ಗುತ್ತೆವ್ವ. "ಅದಕ್ಕಽ ಮತ್ತ ಸೀನು!"

"ಏನು ಸೀನು?"

"ಅವತ್ತು ನಸುಕಿನ್ಯಾಗ ನಾ ಲಗೂ ಬಂದಿದ್ನಿರಿ. ಒಳಗ ಯಾರೋ ಸೀನಾಕತ್ತಿದ್ರು. ಸೀನಿನ ಮ್ಯಾಲ ಸೀನು. ಗುರ್ ಅನ್ನೂದನ್ನ ಮಗ್ಗಲ ಖಾರದ ಗಿರಣಿ ಅಂದ್ಕೊಂಡೆ. ನೀರು ತುಂಬಿಕೊಂಡು ಬರೂದ್ರಾಗ ಬಾಗಲಾ ಹಾಕಿತ್ತು, ಸೀನೂ ಇರಲಿಲ್ಲ."

"ಎಂಟು ದಿನದಿಂದ ಇದನ್ನ ಯಾಕ ಹೇಳಲಿಲ್ಲ?"

"ಗಾಡಿ ನೋಡೀಯೇನು ಅಂತ ಕೇಳಿದ್ರಿ, ಇಲ್ಲ ಅಂದ್ನಿ. ಸೀನು ಕೇಳೀಯೇನು ಅಂತ ಯಾರು ಕೇಳಿದ್ರಿ?"

ಪೊಲೀಸನೊಬ್ಬ ನಗು ನುಂಗಿಕೊಂಡ. ನಿರ್ಮಲಾ ನಗಲಿಲ್ಲ. "ಗಂಡಸಿನ ಸೀನೋ, ಹೆಂಗಸಿನ ಸೀನೋ?"

"ಸೀನಿನಾಗ ಗಂಡಸು ಹೆಂಗಸು ಎಲ್ಲಿ ಇರತೈತ್ರೀ ಯವ್ವಾ!"

ಶಂಭುಲಿಂಗ ಮುಂದೆ ಬಂದ. ಅವನ ಮುಖ ಕೆಂಪೇರಿತ್ತು. "ಮೇಡಂ, ಕಳವಿಲೆ ಗಾಡಿ ಒಯ್ಯಾವ ಐದು ಮಂದಿ ಕರದು ಹೊರಗ ತಳ್ಳಸತಾನೇನ್ರಿ? ತಾನಽ ಒಳಗ ಚಾಲೂ ಮಾಡ್ಯಾನ, ತಾನಽ ಸೀನ್ಯಾನ. ಬ್ಯಾರೆ ಯಾರ ಕೈಯಾಗ ಹತ್ತತೈತಿ ಇದು? ಕೇಳ್ರಿ ಅಂವನ್ನ."

ನಿರ್ಮಲಾ ಕೇಳಿದರು. "ಮಿಸ್ತ್ರಿ, ನೀವಲ್ದ ಇನ್ನ್ಯಾರು ಈ ಗಾಡಿ ಚಾಲೂ ಮಾಡ್ತಾರ?"

ದಿಲನಾಜ ಅಪ್ಪನ ಮುಖವನ್ನೇ ನೋಡಿದಳು. ಒಂದು ಸಲ, ಒಂದೇ ಸಲ, ಯಾರಾದರೂ ಮಾಡಬಹುದು ಅಂದುಬಿಡು ಅಬ್ಬಾ.

"ಯಾರೂ ಇಲ್ಲ," ಅಂದ ಫಕ್ಕೀರಸಾಬ. "ನಮ್ಮಪ್ಪ ಇದ್ದ, ಹೋದ. ನನಗೊಬ್ಬ ಮಗ ಅದಾನ, ಹಾವೇರ್ಯಾಗ ಕಾರು ಹೊಡೀತಾನ. ಅಂವಗ ಕೀಲಿ ತಿರುವೂದು ಗೊತ್ತು, ಹ್ಯಾಂಡಲ್ ಹಿಡಿಯಾಕ ಬರೂದಿಲ್ಲ. ನನ್ನ ಹಿಂದ ಇದು ಮುಗೀತು."

ಮುಗಿಯಿತು ಅನ್ನುವಾಗ ಅವನ ದನಿ ಒಂದು ಎಳೆಯಷ್ಟು ಒಡೆಯಿತು. ಪೊಲೀಸನ ಪೆನ್ನು ಕಾಗದದ ಮೇಲೆ ಇಳಿಯಿತು.

ಅಪ್ಪನನ್ನು ಉಳಿಸಬೇಕೆಂದರೆ ಅಪ್ಪನ ಮಾತನ್ನು ಸುಳ್ಳು ಮಾಡಬೇಕು. ಅದೂ ಊರವರ ಮುಂದೆ, ಅವನು ಜೀವಮಾನವಿಡೀ ಹೊತ್ತುಕೊಂಡು ತಿರುಗಿದ ಒಂದೇ ಒಂದು ಹೆಮ್ಮೆಯನ್ನು.

"ನಾ ಮಾಡ್ತೇನ್ರಿ," ಅಂದಳು.

"ಏನು?"

"ಚಾಲೂ."

ಶಂಭುಲಿಂಗ ಗೊಳ್ಳೆಂದು ನಕ್ಕ. "ಏ ತಂಗಿ, ಇದೇನು ಹೊಲಿಗಿ ಮಷಿನ್ ಅಲ್ಲ!"

"ಹೊಲಿಗಿ ಮಷಿನ್ನಿಗೂ ಎಣ್ಣಿ ಬೇಕಲ್ರಿ ಸಾವಕಾರ," ಅಂದಳು ಗುತ್ತೆವ್ವ. "ಮಾಡ್ಲಿ ತಡೀರಿ."

ನಿರ್ಮಲಾ ಕೈಯೆತ್ತಿದರು. ಇಬ್ಬರು ಪೊಲೀಸರು, ಶಂಭುಲಿಂಗ, ಇಬ್ಬರು ಹಮಾಲರು, ಐವರೂ ಸೇರಿ ತಳ್ಳಿ ಕಾರನ್ನು ಅಂಗಳಕ್ಕೆ ತಂದರು. ಫಕ್ಕೀರಸಾಬ ಮಗಳನ್ನು ಹೊಸಬಳನ್ನು ನೋಡಿದಂತೆ ನೋಡುತ್ತಿದ್ದ.

ಅವಳು ಮೊದಲು ಗಾಳಿ ಡಬ್ಬಿಯನ್ನು ತೊಳೆದು ಹೊಸ ಎಣ್ಣೆ ಹಾಕಿದಳು. ಕೆಂಪು ಎಣ್ಣೆಯನ್ನು ಬಾಟಲಿಯಲ್ಲಿ ಹಿಡಿದು ನಿರ್ಮಲಾ ಮೊಹರು ಮಾಡಿಸಿದರು. ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ತಲೆ ತಗ್ಗಿಸಿಯೇ, ಅಡುಗೆಮನೆಯ ಬಾಗಿಲಿಗೆ ಹೋದಳು.

ಗೋದಾಮಿಗೆ ಅಂಟಿಕೊಂಡೇ ಮನೆ. ಅಡುಗೆಮನೆಯ ಕಿಟಕಿ ಈ ಅಂಗಳಕ್ಕೇ ತೆರೆಯುತ್ತಿತ್ತು. ಬಾಗಿಲಲ್ಲಿ ಸುಶೀಲವ್ವ ಬೆರಳೂ ಕಾಣದಂತೆ ಶಾಲು ಸುತ್ತಿಕೊಂಡು ನಿಂತಿದ್ದರು. ಅರವತ್ತು ದಾಟಿದ ಹೆಣ್ಣುಮಗಳು. ಈ ಮನೆಯಲ್ಲಿ ದಿಲನಾಜಳನ್ನು ಉಂಡಿಯೇನು ಎಂದು ಕೇಳುತ್ತಿದ್ದವರು ಅವರೊಬ್ಬರೇ.

"ಪ್ಲಗ್ ಬಿಸಿ ಮಾಡಬೇಕೇನು? ಹಂಚು ಒಲಿ ಮ್ಯಾಲಽ ಐತಿ ತಂಗಿ. ನನಗ ಗೊತ್ತಿತ್ತು ಕೇಳ್ತೀರಂತ," ಅಂದರು. "ಪ್ರತಿ ವರ್ಷ ನಿಮ್ಮಪ್ಪ ರೊಟ್ಟಿ ಸರಿಸಿ ಪ್ಲಗ್ ಇಡ್ತಾನಲ್ಲ." ಬಿಸಿಯಾದ ಪ್ಲಗ್ಗುಗಳನ್ನು ಹಂಚಿನ ಸಮೇತ ಗುತ್ತೆವ್ವನ ಕೈಯಲ್ಲಿ ಕೊಡಿಸಿದರು.

ಹಳೆಯ ಎಂಜಿನ್ ಚಳಿಯಲ್ಲಿ ಮುದುಕರ ಹಾಗೆ. ಎಬ್ಬಿಸುವವರಿಗೆ ತಾಳ್ಮೆ ಬೇಕು. ದಿಲನಾಜ ಬಿಸಿ ಪ್ಲಗ್ಗುಗಳನ್ನು ಬಟ್ಟೆಯಲ್ಲಿ ಹಿಡಿದು ಕೂರಿಸಿದಳು. ಬ್ಯಾಟರಿಯ ವೈರು ಸಿಕ್ಕಿಸಿದಳು. ಸೆಲ್ಫ್ ಎತ್ತುವ ದಮ್ಮು ಅದಕ್ಕಿರಲಿಲ್ಲ, ಕಿಡಿ ಕೊಡುವಷ್ಟು ಜೀವವಿತ್ತು. ಪಂಪಿನ ಅಡಿಯ ಸಣ್ಣ ಹಿಡಿಕೆಯನ್ನು ಒತ್ತಿ ಒತ್ತಿ ಪೆಟ್ರೋಲು ಮೇಲಕ್ಕೆ ತಂದಳು. ಚೋಕ್ ಪೂರ್ತಿ ಎಳೆದಳು. ಸ್ವಿಚ್ ಹಾಕದೆಯೇ ಹನ್ನೆರಡು ಸುತ್ತು ಹ್ಯಾಂಡಲ್ ತಿರುಗಿಸಿದಳು, ಒಳಗಿನ ಗಟ್ಟಿ ಎಣ್ಣೆ ಸಡಿಲಾಗಲಿ ಎಂದು. ಅದು ಮೊದಲು ಬಿಗಿಯಾಗಿತ್ತು. ಎಂಟನೆಯ ಸುತ್ತಿಗೆ ಮೆತ್ತಗಾಯಿತು.

ಆಮೇಲೆ ಸ್ವಿಚ್.

ಮಂಡಿಯೂರಿ ಕೂತಳು. ಹ್ಯಾಂಡಲನ್ನು ಕೆಳಗೆ ತಂದಳು. ಕೆಳಗಿನಿಂದ ಮೇಲಕ್ಕೆ ಒಂದೇ ಜಗ್ಗು.

ಏನಿಲ್ಲ.

ಎರಡನೆಯದಕ್ಕೆ ಒಂದು ಕೆಮ್ಮು. ಮೂರನೆಯದಕ್ಕೆ ಹ್ಯಾಂಡಲ್ ಫಟಾರನೆ ಉಲ್ಟಾ ಹೊಡೆದು ಅವಳ ಅಂಗೈಯಿಂದ ಹಾರಿತು. ಶಂಭುಲಿಂಗ ಏನೋ ಅಂದ. ಅವಳಿಗೆ ಕೇಳಿಸಲಿಲ್ಲ. ಅವಳಿಗೆ ಕೇಳಿಸುತ್ತಿದ್ದದ್ದು ಎಂಜಿನ್ ಒಂದೇ. ಸ್ವಲ್ಪ ಬಿಟ್ಟು, ಅದು ಉಸಿರೆಳೆದುಕೊಳ್ಳಲು ಬಿಟ್ಟು, ನಾಲ್ಕನೆಯದನ್ನು ಜಗ್ಗಿದಳು.

ಲ್ಯಾಂಡ್‌ಮಾಸ್ಟರ್ ಎದ್ದಿತು.

ಬಿಳಿ ಹೊಗೆ ಮಂಜಿನಲ್ಲಿ ಬೆರೆಯಿತು. ಅವಳು ಓಡಿಹೋಗಿ ಚೋಕನ್ನು ಅರ್ಧ ಒಳಗೆ ತಳ್ಳಿದಳು. ಸದ್ದು ಗಡುಸಿನಿಂದ ಮೆದುವಾಯಿತು, ಮೆದುವಿನಿಂದ ಒಂದೇ ಸಮನಾಯಿತು. ಹಮಾಲರು ಸಿಳ್ಳೆ ಹೊಡೆದರು. ಗುತ್ತೆವ್ವ ಹಂಚು ಹಿಡಿದೇ ಕುಣಿದಳು.

ದಿಲನಾಜ ತಲೆ ಎತ್ತಿ ನಿಂತಳು. ಇಷ್ಟು ಮಂದಿಯ ಮುಂದೆ ತಲೆ ಎತ್ತಿ ನಿಂತದ್ದು ಇದೇ ಮೊದಲು. ಬೆವರು, ಗ್ರೀಸು, ಜಾರಿದ ಓಢಣಿ, ಯಾವುದೂ ಅವಳಿಗೆ ನೆನಪಾಗಲಿಲ್ಲ.

ಫಕ್ಕೀರಸಾಬ ಹತ್ತಿರ ಬಂದ. ಅವನ ಕಣ್ಣಿನಲ್ಲಿ ಮೊದಲು ನೋವಿತ್ತು. ಮರುಗಳಿಗೆ ಅದು ಎಲ್ಲಿ ಹೋಯಿತೋ. "ಹೆಬ್ಬಟ್ಟು ತೋರಸು."

ಅವಳು ಮುಷ್ಟಿ ಚಾಚಿದಳು. ಹೆಬ್ಬೆರಳು ನಾಲ್ಕು ಬೆರಳ ಜೊತೆಗೇ ಒಂದೇ ಬದಿಗೆ ಮಲಗಿತ್ತು.

"ನಾ ಇದನ್ನ ಯಾವತ್ತೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ!"

"ನಾ ಕೆಳಗ ಕುಂದ್ರತಿದ್ನೆಲ್ಲ ಅಬ್ಬಾ. ಅಲ್ಲಿಂದ ನಿನ್ನ ಮುಷ್ಟಿ ಕಾಣ್ತಿತ್ತು."

ಫಕ್ಕೀರಸಾಬ ಪಕ್ಕದ ಪೊಲೀಸನ ಭುಜ ತಟ್ಟಿದ, ಕೈದಿ ತಾನೆಂಬುದನ್ನೇ ಮರೆತು. "ನೋಡಿದ್ಯಾ? ನನ್ನ ಮಗಳು. ನಮ್ಮಪ್ಪನ ಕೈ ನೋಡು ಅದು, ಖರೇ ಅಂದ್ರ ನಮ್ಮಪ್ಪನ ಕೈ!"

"ಹೆಬ್ಬಟ್ಟಿಂದು ಏನದು?" ನಿರ್ಮಲಾ ಬಿಡಲಿಲ್ಲ.

ದಿಲನಾಜ ಹೇಳಿದಳು. ಈಗ ಮಾತು ತಾನಾಗಿ ಬಂತು. "ತಿಳೀದವ್ರು ಹೆಬ್ಬಟ್ಟು ಸುತ್ತಿ ಹಿಡೀತಾರ್ರಿ. ಉಲ್ಟಾ ಹೊಡದ್ರ ಮುರೀತೈತಿ. ಅವತ್ತು ಚಾಲೂ ಮಾಡಿದಾವ್ರು ಒಳಗ ಚಾಲೂ ಮಾಡಬಾರದು ಅನ್ನೂದು ತಿಳೀದವ್ರು. ಹುಟ್ಟಿದಾಗಿಂದ ಮೆಣಸಿನಕಾಯಿ ನಡುವಽ ಇದ್ದವ್ರಿಗೆ ಅದು ಧೂಳು ಅಂತ ಅನಸೂದಽ ಇಲ್ಲ. ಅವ್ರಿಗೆ ಹೆಬ್ಬಟ್ಟಿನ ಸುದ್ದೀನೂ ಗೊತ್ತಿರಲಿಕ್ಕಿಲ್ರಿ."

ನಿರ್ಮಲಾ ಸಾವಕಾಶವಾಗಿ ಶಂಭುಲಿಂಗನ ಕಡೆ ತಿರುಗಿದರು. "ಕೈ ತೋರಸ್ರಿ."

ಅವನು ಎರಡೂ ಕೈ ಚಾಚಿ, ಹತ್ತೂ ಬೆರಳು ಆಡಿಸಿದ. ಒಂದು ಗೀರೂ ಇರಲಿಲ್ಲ. "ಸಮಾಧಾನ ಆತೇನ್ರಿ?"

ಹಮಾಲರ ಕೈ ನೋಡಿದರು. ಸಾವಕಾರರ ಅಡತಿ ಅಂಗಡಿಯ ಗುಮಾಸ್ತನನ್ನು ಕರೆಸಿ ನೋಡಿದರು. ಮುರಿದ ಹೆಬ್ಬೆರಳು ಸಿಗಲಿಲ್ಲ. ಆದರೂ ನಿರ್ಮಲಾ ಬರೆದ ಹಾಳೆಯನ್ನು ಅಡ್ಡ ಹರಿದರು. "ಮಿಸ್ತ್ರಿ, ನಿಮ್ಮ ಮಾತು ಸುಳ್ಳಾತು. ಅದಕ್ಕಽ ನೀವು ಸಂಜೀತನಕ ಉಳಿದ್ರಿ. ಸಂಜಿಯೊಳಗ ನನಗೊಂದು ಹೆಸರು ಬೇಕು. ಸಿಗಲಿಲ್ಲ ಅಂದ್ರ ಮತ್ತ ನಿಮ್ಮ ಹೆಸರಽ."

ದಿಲನಾಜ ಕೈ ತೊಳೆಯಲು ಅಡುಗೆಮನೆಯ ಕಟ್ಟೆಗೆ ಹೋದಳು. ಮೈ ಹಗುರಾಗಿತ್ತು. ಹಿಂದೆ ಅಂಗಳದಲ್ಲಿ ಕಾರು ಇನ್ನೂ ಗುನುಗುತ್ತಿತ್ತು, ತಾನೇ ಎಬ್ಬಿಸಿದ ಕಾರು.

"ಚಹಾ ತಗೋ ತಂಗಿ."

ಸುಶೀಲವ್ವ ಬಾಗಿಲಿಗೆ ಬಂದಿದ್ದರು. ಶಾಲಿನ ಸಂದಿಯಿಂದ ಬಿಸಿ ಚಹಾದ ವಾಟಗ ಚಾಚಿದ್ದರು.

ಎಡಗೈಯಲ್ಲಿ.

ದಿಲನಾಜ ಚಾಚಿದ ಕೈ ಹಾಗೇ ನಿಂತಿತು. ಭಿಕ್ಷೆಗೆ ಬಂದವರಿಗೂ ಬಲಗೈಯಿಂದಲೇ ನೀಡು ಎಂದು ಗುತ್ತೆವ್ವನಿಗೆ ಬುದ್ಧಿ ಹೇಳುತ್ತಿದ್ದ ಹೆಣ್ಣುಮಗಳು. ಇವತ್ತು ಮುಂಜಾನೆಯಿಂದ ಹಂಚನ್ನೂ ಮುಟ್ಟಿರಲಿಲ್ಲ, ಶಾಲನ್ನೂ ಸರಿಸಿರಲಿಲ್ಲ. ಚಳಿಯೆಂದು ಯಾರೂ ಕೇಳಿರಲಿಲ್ಲ. ಗಂಡಸರ ಕೈಗಳನ್ನೆಲ್ಲ ನೋಡಿದ ನಿರ್ಮಲಾ ಮೇಡಂ ಹೆಂಗಸರ ಕೈ ನೋಡಬೇಕೆಂದು ನೆನೆದೂ ಇರಲಿಲ್ಲ.

ಸುಶೀಲವ್ವ ಅವಳ ಕಣ್ಣನ್ನು ಓದಿದರು, ವಾಟಗವನ್ನು ಅವಳ ಕೈಗಿಟ್ಟರು. ಶಾಲನ್ನು ಒಂದು ಗೇಣು ಸರಿಸಿದರು. ಬಲಗೈಯ ಹೆಬ್ಬೆರಳು ಅರಿಸಿನದ ಪಟ್ಟಿಯೊಳಗೆ ಬದನೆಕಾಯಿಯಂತೆ ಊದಿತ್ತು.

"ಮೂವತ್ತೆಂಟು ವರ್ಷ ಈ ಕಿಟಕ್ಯಾಗಿಂದ ನೋಡೇನಿ," ಅಂದರು, ಬಲು ಮೆಲ್ಲಗೆ. "ಪ್ಲಗ್ಗು, ಚೋಕು, ಹನ್ನೆರಡು ಸುತ್ತು, ಎಲ್ಲಾ ಕಂಡಿತ್ತು. ಮುಷ್ಟಿ ಕಾಣಲಿಲ್ಲ. ನಿಮ್ಮಪ್ಪನ ಬೆನ್ನು ಅಡ್ಡ ಬರ್ತಿತ್ತು. ಮೂರನೇದಕ್ಕ ಬೆರಳು ಮುರೀತು." ನಂತರ, ಆ ನೋವಿನ ನಡುವೆಯೇ, ಸಣ್ಣ ಹುಡುಗಿಯ ಕಣ್ಣಿನಲ್ಲಿ ಹೊಳೆಯುವಂಥದೇನೋ ಹೊಳೆಯಿತು. "ನಾಕನೇದ್ದು ಎಡಗೈಲೆ ಜಗ್ಗಿದೆ. ಹತ್ತಿತು ನೋಡು."

"ಅವ್ವಾರ, ಮತ್ತ ಮಲ್ಲೇಶಪ್ಪಗ..."

"ನಾ ಎಲ್ಲೂ ಹೋಗಿಲ್ಲ. ನನಗ ಓಡಸಾಕ ಎಲ್ಲಿ ಬರತೈತಿ? ಒಂದು ಸುತ್ತು ಹೊಡದು ತರ್ತೇನಿ ಅಂದ, ನನಗೂ ಒಮ್ಮೆ ಚಾಲೂ ಮಾಡಿ ನೋಡೂ ಆಸಿ ಇತ್ತು, ಮಾಡಿ ಕೊಟ್ಟೆ ಅಷ್ಟಽ. ಒಯ್ದಾಂವಗ ಓಡಸಾಕ ಬರತೈತಿ, ಹ್ಯಾಂಡಲ್ ಹಿಡಿಯಾಕ ಬರೂದಿಲ್ಲ." ಸುಶೀಲವ್ವ ಶಾಲನ್ನು ಮತ್ತೆ ಎಳೆದುಕೊಂಡರು. "ಆಗಽ ನಿಮ್ಮಪ್ಪ ಅಂದ್ನಲ್ಲ ತಂಗಿ, ಎಲ್ಲಾರ ಮುಂದ. ಅಂವಗೂ ಗೊತ್ತೈತಿ."

ಬ್ಯಾಡ ಬೇಟಿ, ಸುಮ್ಮನಿರು. ಅವ್ರೇನು ಬರಕೋತಾರೋ ಬರಕೊಳ್ಳಲಿ.

ದಿಲನಾಜ ತಿರುಗಿ ನೋಡಿದಳು. ಫಕ್ಕೀರಸಾಬ ಕಾರನ್ನು ನೋಡುತ್ತಿರಲಿಲ್ಲ, ಮಗಳನ್ನೂ ನೋಡುತ್ತಿರಲಿಲ್ಲ. ಅವನ ಕಣ್ಣು ಗೇಟಿನ ಮೇಲಿತ್ತು. ಅಲ್ಲಿ ಮಂಜಿಗೆ ತೊಯ್ದ ನೆಲದ ಮೇಲೆ ಬೈಕಿನ ಗಾಲಿಯ ಗೆರೆಯೊಂದು ಉಳಿದಿತ್ತು. ಬೈಕಿರಲಿಲ್ಲ. ದಿಲಾವರನಿರಲಿಲ್ಲ.

"ಏ ದಿಲನಾಜ!" ನಿರ್ಮಲಾ ಅಂಗಳದಿಂದ ಕರೆದರು. ಹೊಸ ಹಾಳೆ ತೆಗೆದು ಬಾನೆಟ್ಟಿನ ಮೇಲೆ ಇಟ್ಟುಕೊಂಡಿದ್ದರು. ದನಿಯಲ್ಲಿ ಅಭಿಮಾನವಿತ್ತು. "ಬಾ ಇಲ್ಲಿ. ಇವತ್ತು ನೀ ಹೇಳಿದ್ದಽ ಬರಕೋತೇನಿ. ಮತ್ತೇನಾರ ಕಂಡೈತೇನು ನಿನಗ?"

ದಿಲನಾಜ ವಾಟಗವನ್ನು ಕಟ್ಟೆಯ ಮೇಲಿಟ್ಟಳು. ಎಂಜಿನ್ ಒಂದೇ ಸಮನೆ ಓಡುತ್ತಿತ್ತು.